ಒಂದು ಮೊಳೆ ಮುರಿದ ಅಕ್ಷರ

ಮಕ್ಕಳ ಪಾಟಿ ಬೇಕು ಇದಕ್ಕೆ, ಕರಿಯದು.
ಕೋಡಿಬಾಗದ ಅಂಗಡಿಯವ ನಕ್ಕ:
ಈ ವಯಸ್ಸಿನಲ್ಲಿ ಅಕ್ಷರಾಭ್ಯಾಸವೇ ರಾಯರೇ?
ಹೌದು ಮಾರಾಯ, ಅದೇ.

ಪಾಟಿಯ ಮೇಲೆ ಚೀಟಿಯನ್ನು ಕವುಚಿ ಮಲಗಿಸಿದರೆ
ತೂತುತೂತಲ್ಲಿ ಕಪ್ಪು ಏಳುತ್ತದೆ,
ಮೊದಲು ತಿರುಗಾಮುರುಗಾ. ಮಗುಚಿದೆನೋ, ನೆಟ್ಟಗೆ:
ಒಂದು ಸಿ, ಒಂದು ಎನ್.
ಸಿ-ಗೆ ಒಂಬತ್ತು ತೂತು, ಎನ್-ಗೆ ಹದಿಮೂರು.
ಎತ್ತರ ಐದು ಮಿಲಿಮೀಟರ್, ಕೂದಲೆಳೆ ಹೆಚ್ಚು.
ಫ್ಯಾನು ಹಾಕುವ ಹಾಗಿಲ್ಲ.
ಮೇ ತಿಂಗಳ ಕಾರವಾರ, ಬೆವರು ಹುಬ್ಬಿಗೆ ಬಂದು ನಿಲ್ಲುತ್ತದೆ,
ಬೀಳಬೇಡ ಎಂದು ಅದಕ್ಕೂ ಹೇಳುತ್ತೇನೆ.

ಡಬ್ಬಿ ಬೈತಖೋಲದ್ದು. ಇನಾಸ್ ಗೊನ್ಸಾಲ್ವಿಸ್
ಫ್ರೆಂಚ್ ಹಡಗಿನಲ್ಲಿ ತಟ್ಟೆ ತೊಳೆದು, ಆಮೇಲೆ ಬಡಿಸಿ,
ಕೊನೆಗೆ ಊರಿಗೆ ತಂದದ್ದು ಒಂದು ಕೆಮ್ಮು,
ಒಂದು ಬಿಸ್ಕೀಟಿನ ಡಬ್ಬಿ,
ಅದರ ತುಂಬ ಯಾರದೋ ಲಕೋಟೆಯ ಹರಿದ ಮೂಲೆಗಳು.
ಮರಿಮಗಳು ಎಸ್ತೆಲಿನ್ ಗುಜರಿಗೆ ಹಾಕುವವಳಿದ್ದಳು.
ತೂತು ಬಿದ್ದವು ಅಂಕಲ್, ಯಾರಿಗೂ ಬೇಡವಂತೆ.
ತೂತು ಬಿದ್ದವೇ ಬೇಕಿತ್ತು ನನಗೆ.

ಅಲ್ಲಿಯ ಸಾಹುಕಾರರು ಹೀಗೆ ಮಾಡುತ್ತಿದ್ದರು:
ಹೊಸ ಹಾಳೆ ಮಡಚಿ ಯಂತ್ರದ ಬಾಯಿಗಿಟ್ಟು ಒಂದು ಗುದ್ದು.
ಇನ್ನು ಗುಮಾಸ್ತ ಕದ್ದರೂ ಮಾರುವಂತಿಲ್ಲ,
ಅತ್ತೆಯ ಮನೆಯ ಕಾಗದಕ್ಕೆ ಅಂಟಿಸುವಂತಿಲ್ಲ.
ಅಪನಂಬಿಕೆಗೂ ಎಂಥ ಚಂದದ ಅಕ್ಷರ!

ಐವತ್ತು ಸೆಂಟೀಮಿನ ಕೆಂಪಿನಲ್ಲಿ ಒಬ್ಬ ಹೆಂಗಸು
ಗಾಳಿಗೆ ಎದುರಾಗಿ ಬೀಜ ಎರಚುತ್ತ ನಡೆದಿದ್ದಾಳೆ.
ಸಿ ಅವಳ ಸೊಂಟದೊಳಗಿಂದ ಹಾದುಹೋಗಿದೆ.
ಬೀಜದ ಚೀಲಕ್ಕೂ ತೂತು.
ಅವಳಿಗೆ ಇನ್ನೂ ಗೊತ್ತಾಗಿಲ್ಲ.

ಸಿ.ಎನ್. ಅಂದರೆ ಯಾರು? ಬ್ಯಾಂಕೋ, ಸಾಬೂನೋ,
ಹಡಗಿನ ದಲಾಲರೋ? ಮುದ್ರೆ ಅರ್ಧ ಇದೆ: ಮಾರ್ಸೇ...
ಮಿಕ್ಕದ್ದು ಇನಾಸನ ಕತ್ತರಿಗೆ ಹೋಯಿತು.
ಹದಿನೇಳು ಚೀಟಿ ಒಂದೇ ಯಂತ್ರದವು, ಇಷ್ಟು ಮಾತ್ರ ಖಾತ್ರಿ.
ಆರರಲ್ಲಿ ಎನ್ ಪೂರ್ತಿ.
ಹನ್ನೊಂದರಲ್ಲಿ ಬಲಗಾಲಿನ ತುದಿ ಇಲ್ಲ. ಮೊಳೆ ಮುರಿದಿದೆ.
ಯಾವಾಗ ಮುರಿಯಿತು ಎಂದೂ ಹೇಳಬಲ್ಲೆ:
ಇಪ್ಪತ್ತೊಂಬತ್ತರ ಫೆಬ್ರವರಿಗೂ ಜೂನಿಗೂ ನಡುವೆ.
ಯಾರೂ ರಿಪೇರಿ ಮಾಡಿಸಲಿಲ್ಲ.

ನಮ್ಮಲ್ಲಿ ಯಂತ್ರ ಇರಲಿಲ್ಲ.
ಮ್ಯಾಂಗನೀಸ್ ಸಾಗಿಸುವ ಕಂಪನಿ, ಎಪ್ಪತ್ತೆರಡನೇ ಇಸವಿ,
ನಾನು ಆವಕ-ಜಾವಕದ ಗುಮಾಸ್ತ.
ತಿಂಗಳ ಕೊನೆಗೆ ಚೀಟಿಯ ಶಿಲ್ಕು ತಾಳೆಯಾಗಲಿಲ್ಲ:
ಇಪ್ಪತ್ತು ಪೈಸೆಯವು, ಆರು.
ಷರಾ ಕಾಲಮ್ಮಿನಲ್ಲಿ ನಾನೇ ಬರೆದೆ, ದುಂಡಗೆ:
ಪತ್ತೆಯಾಗಿಲ್ಲ.
ಹೆಡ್ ಕ್ಲಾರ್ಕ್ ಗೋಕರ್ಣಕರ ಕನ್ನಡಕ ತೆಗೆದು
ಪಟ್ಟೆವಾಲಾ ಈರುವಿನ ಕಡೆ ನೋಡಿದರು.
ಅವನು ಕೈಕಟ್ಟಿ ನಿಂತ. ಕೇಳಿದ್ದಕ್ಕೆಲ್ಲ ಹೂಂ ಅಂದ,
ಅವರು ಕೇಳಿದ್ದು ಏನೆಂದು ತಿಳಿಯದೆ.
ಒಂದು ದಿನದ ಪಗಾರ ಹೋಯಿತು.

ಆರು ವಾರದ ಪದಬಂಧ ಅದು.
ಮೊದಲ ಬಹುಮಾನ ರೇಡಿಯೋ.
ಮೇಲಿನಿಂದ ಕೆಳಕ್ಕೆ ಹದಿನಾಲ್ಕು, ಒಂದು ನದಿ, ನಾಲ್ಕಕ್ಷರ,
ಅದೊಂದು ಸಿಗದೇ ಖಾಲಿ ಬಿಟ್ಟು ಕಳಿಸಿದ್ದೆ ಕೊನೆಯದನ್ನು.
ನಮ್ಮ ಚೀಟಿಗೆ ತೂತಿರಲಿಲ್ಲ.
ಆದ್ದರಿಂದ ನಾನು ಪ್ರಾಮಾಣಿಕ.

ಹೋದ ತಿಂಗಳು ತೊಡೂರಿಗೆ ಹೋಗಿದ್ದೆ. ಈರು ಇಲ್ಲ.
ಮಗ ಸೈಕಲ್ಲಿನ ಚಕ್ರ ಬಿಚ್ಚಿಟ್ಟು ಕೂತಿದ್ದ,
ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತ.
ಆಫೀಸಿನವರಾ? ಅಪ್ಪ ನಿಮ್ಮ ಬಗ್ಗೆ ಒಳ್ಳೆಯದೇ ಹೇಳುತ್ತಿದ್ದ.
ಚಹಾ ತಂದ. ಕುಡಿದೆ.
ಗುಳ್ಳೆ ಸಿಕ್ಕಿತು ಅವನಿಗೆ, ನಾನು ಎದ್ದೆ.

ಈಗ ಸೂಜಿ ಇದೆ ಕೈಯಲ್ಲಿ.
ಆ ಹದಿಮೂರನೆಯದನ್ನು ನಾನೇ ಚುಚ್ಚಿಬಿಟ್ಟರೆ
ಕಾರವಾರದಲ್ಲಿ ಯಾರು ಕಂಡುಹಿಡಿದಾರು?
ಸೂಜಿಯನ್ನು ನೂಲುಂಡೆಗೆ ವಾಪಸು ಚುಚ್ಚಿ
ಹಳೇ ಜಾವಕ ಪುಸ್ತಕ ತೆಗೆಯುತ್ತೇನೆ,
ನಿವೃತ್ತಿಯ ದಿನ ಕೇಳದೇ ತಂದದ್ದು, ಅರ್ಧ ಖಾಲಿ.

ಸಂಖ್ಯೆ ಹದಿನೇಳು. ಕೆಂಪು. ಎನ್-ಗೆ ಒಂದು ತೂತು ಕಡಿಮೆ.
ಕಂಪನಿ ಯಾವುದು ಎಂಬಲ್ಲಿ: ಪತ್ತೆಯಾಗಿಲ್ಲ.

ಕೈಬರಹ ಈಗಲೂ ದುಂಡಗಿದೆ.